ಬೆಳ್ಳಿ ಕೊಳ್ಳುವ ಮುನ್ನ ಬೆಸುಗೆ ನೋಡಿ

ಸಂಪಾದಕರೇ,

ಬೆಳ್ಳಿಯ ದರ ಏರಿದಂತೆಲ್ಲ ಅಂಗಡಿಗಳಲ್ಲಿ ಅಚ್ಚಿನಲ್ಲಿ ಒತ್ತಿದ ಹಗುರ ಕಾಲ್ಗೆಜ್ಜೆ, ಕಡಗಗಳೇ ಹೆಚ್ಚು ಕಾಣುತ್ತಿವೆ. ಕೂಲಿ ಕಡಿಮೆ, ಹೊಳಪು ಜಾಸ್ತಿ. ತೊಂದರೆ ಶುರುವಾಗುವುದು ಕೊಂಡಿ ಕಿತ್ತುಹೋದಾಗ.

ಕೈಕೆಲಸದ ಗೆಜ್ಜೆಗೆ ಬೆಳ್ಳಿಯನ್ನು ತಟ್ಟಿ, ಕಂಬಚ್ಚಿನ (ಸಾಲು ತೂತುಗಳ ಉಕ್ಕಿನ ಪಟ್ಟಿ) ದೊಡ್ಡ ತೂತಿನಿಂದ ಸಣ್ಣದಕ್ಕೆ ಎಳೆಯುತ್ತ ತಂತಿ ತೆಗೆಯುತ್ತಾರೆ. ಎಳೆದಷ್ಟೂ ಬೆಳ್ಳಿ ಬಿರುಸಾಗುತ್ತದೆ. ನಡುನಡುವೆ ಮಂದ ಕೆಂಪಾಗುವವರೆಗೆ ಕಾಯಿಸಿ ಮೆತ್ತಗೆ ಮಾಡದಿದ್ದರೆ ಸೀಳುತ್ತದೆ. ಆಮೇಲೆ ಕೊಂಡಿ ಕತ್ತರಿಸಿ, ಬಿಳಿಗಾರ ಹಚ್ಚಿ, ಬೆಳ್ಳಿ-ತಾಮ್ರ-ಸತು ಬೆರೆತ ಬೆಸುಗೆಯಿಂದ ಕೂಡಿಸುತ್ತಾರೆ. ಒಳಗೆಲ್ಲ ಗಟ್ಟಿ ಲೋಹವಾದ್ದರಿಂದ ವರ್ಷಗಳ ಮೇಲೂ ಬಿಚ್ಚಿ ಮತ್ತೆ ಬೆಸೆಯಬಹುದು.

ಒಳಗೆ ಟೊಳ್ಳಾದ ಒತ್ತುಮಾಲಿನ ತಗಡು ಉಗುರಿಗೂ ತಗ್ಗುವಷ್ಟು ತೆಳು. ದುರಸ್ತಿಗೆಂದು ಅದಕ್ಕೆ ಉರಿ ಹಿಡಿದರೆ ಬೆಸುಗೆ ಕರಗುವ ಮೊದಲೇ ತಗಡು ಕುಸಿಯುತ್ತದೆ. ಮೇಲಿನ ರೋಡಿಯಂ ಲೇಪನ ಬಣ್ಣಗೆಡುತ್ತದೆ, ಲ್ಯಾಕರ್ ಸುಟ್ಟುಹೋಗುತ್ತದೆ. ಆಗ ಕೆಲವರು ಸೀಸದ ಬೆಸುಗೆ ಹಾಕಿ ಕಳಿಸುತ್ತಾರೆ. ಇದನ್ನು ಯಾವ ಕಾರಣಕ್ಕೂ ಒಪ್ಪಬೇಡಿ: ಮುಂದೊಮ್ಮೆ ಕಾಯಿಸಿದಾಗ ಸೀಸ ಬೆಳ್ಳಿಯನ್ನೇ ತಿಂದು ಕುಳಿ ಬೀಳಿಸುತ್ತದೆ. ಯಂತ್ರದ್ದೆಲ್ಲ ಕೆಟ್ಟದ್ದೆಂದಲ್ಲ, ಗಟ್ಟಿ ತಂತಿಯ ಯಂತ್ರದ ಸರಗಳು ಚೆನ್ನಾಗಿಯೇ ಬಾಳುತ್ತವೆ.

ಕೈಕೆಲಸದಲ್ಲೂ ಮೋಸವಿದೆ. ಬೆಸುಗೆಯಲ್ಲಿ ಬೆಳ್ಳಿಯ ಪಾಲು ಕಡಿಮೆ. ಅದನ್ನು ಧಾರಾಳವಾಗಿ ಸುರಿದರೆ ಕರಗಿಸಿದಾಗ ಟಚ್ (ಶುದ್ಧತೆಯ ಪ್ರಮಾಣ) ಇಳಿಯುತ್ತದೆ. ಟೊಳ್ಳು ಕಡಗಕ್ಕೆ ಅರಗು ತುಂಬಿದ್ದರೆ ಅದನ್ನೂ ಬೆಳ್ಳಿಯ ತೂಕಕ್ಕೆ ಸೇರಿಸುವವರಿದ್ದಾರೆ. ಕೀಲಿನ ಸುತ್ತ ಹಳದಿ ಛಾಯೆಯ ದಪ್ಪ ಗೆರೆ ಕಂಡರೆ ಅನುಮಾನಿಸಿ.

ಕಪ್ಪಾಗುವುದು ಖೋಟಾದ ಗುರುತಲ್ಲ. ಗಾಳಿಯ ಗಂಧಕದಿಂದ 925ರ (ಸಾವಿರಕ್ಕೆ 925 ಪಾಲು ಶುದ್ಧ) ಬೆಳ್ಳಿಯೂ ಕಪ್ಪಾಗುತ್ತದೆ. ಪಾತ್ರೆಯ ತಳಕ್ಕೆ ಅಲ್ಯೂಮಿನಿಯಂ ಹಾಳೆ ಹಾಸಿ, ಬೆಳ್ಳಿ ಅದಕ್ಕೆ ತಾಗುವಂತಿಟ್ಟು, ಬಿಸಿನೀರು ಮತ್ತು ಒಂದು ಚಮಚ ಅಡುಗೆ ಸೋಡಾ ಹಾಕಿದರೆ ಸಾಕು, ಕಪ್ಪು ಬಿಡುತ್ತದೆ. ಹರಳು, ಅರಗು ಇರುವ ಒಡವೆಗೆ ಮಾತ್ರ ಇದು ಬೇಡ.

ಚಿನ್ನಕ್ಕೆ 2021ರ ಜೂನ್‌ನಿಂದ ಹಂತಹಂತವಾಗಿ ಹಾಲ್‌ಮಾರ್ಕ್ ಕಡ್ಡಾಯವಾಯಿತು. ಬೆಳ್ಳಿಗೆ 2025ರ ಸೆಪ್ಟೆಂಬರ್ 1ರಿಂದ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ (ಪ್ರತಿ ಒಡವೆಗೂ ಬೇರೆಬೇರೆಯಾಗಿ ಕೊಡುವ ಹಾಲ್‌ಮಾರ್ಕ್ ಗುರುತುಸಂಖ್ಯೆ) ಬಂದದ್ದು ಐಚ್ಛಿಕವಾಗಿ. ಸಣ್ಣ ಅಕ್ಕಸಾಲಿಗಳ ಕೆಲಸಕ್ಕೆ ಈ ಗುರುತು ಇಲ್ಲದಿದ್ದರೆ ಬಿಲ್ಲಿನಲ್ಲಿ ಬೆಳ್ಳಿಯ ನಿವ್ವಳ ತೂಕ, ಟಚ್, ಕೂಲಿ ಮೂರನ್ನೂ ಬೇರೆಬೇರೆಯಾಗಿ ಬರೆಸಿಕೊಳ್ಳಿ. ದುರಸ್ತಿ ಮಾಡಿಕೊಡುತ್ತೀರಾ ಎಂದೂ ಅಲ್ಲೇ ಕೇಳಿ.

– ಒಬ್ಬ ಬೆಳ್ಳಿ ಕೆಲಸಗಾರ, ದಾವಣಗೆರೆ