ಐದನೆಯ ಮತ್ತು ಆರನೆಯ ಸದ್ದಿನ ನಡುವೆ

ಪ್ರಿಯ ರಾಘು,

ಬನ್ನಿಮಂಟಪದ ಪಂಜಿನ ಕವಾಯತಿನಲ್ಲಿ ಅಶ್ವಾರೋಹಿ ಪೊಲೀಸರು ಓಡುವ ಕುದುರೆಯ ಮೇಲಿಂದ ಬಾಗಿ, ನೆಲಕ್ಕೆ ನೆಟ್ಟ ಗೂಟವನ್ನು ಈಟಿಯ ಮೊನೆಗೆ ಸಿಕ್ಕಿಸಿಕೊಂಡು ಹೋಗುತ್ತಿದ್ದುದನ್ನು ನಾವಿಬ್ಬರೂ ಉಸಿರು ಬಿಗಿಹಿಡಿದು ನೋಡಿದ್ದು ನಿನಗೆ ನೆನಪಿರಬೇಕು. ಕಳೆದ ಶನಿವಾರ ಇಲ್ಲಿ, ಅರಿಜೋನಾದ ಫೀನಿಕ್ಸ್ ನಗರದ ಹೊರಗೆ, ಆ ಆಟದ ದೂರದ ದಾಯಾದಿಯೊಂದನ್ನು ನೋಡಿ ಬಂದೆ. ಇದನ್ನು ಕೌಬಾಯ್ ಮೌಂಟೆಡ್ ಶೂಟಿಂಗ್ ಎನ್ನುತ್ತಾರೆ. ವೇಷಭೂಷಣ 19ನೆಯ ಶತಮಾನದ್ದಾದರೂ ಆಟ ಅಷ್ಟು ಹಳೆಯದಲ್ಲ. 1990ರ ದಶಕದಲ್ಲಿ ಇದೇ ಸೀಮೆಯಲ್ಲಿ ರೂಪುಗೊಂಡಿತು.

ಸವಾರನ ಸೊಂಟದಲ್ಲಿ ಎರಡು ರಿವಾಲ್ವರ್‌ಗಳು, ಒಂದೊಂದರಲ್ಲಿ ಐದು ತೋಟಾ, ಅಖಾಡದಲ್ಲಿ ಕೋಲುಗಳ ತುದಿಗೆ ಕಟ್ಟಿದ ಹತ್ತು ಬಲೂನುಗಳು. ರಿವಾಲ್ವರ್‌ಗಳು 1873ರ ಕೋಲ್ಟ್ ಮಾದರಿಯವು. ಪ್ರತಿ ಸಲ ಹಾರಿಸುವ ಮೊದಲು ತೋಟಾವನ್ನು ಸಿಡಿಸುವ ಹಿಂಬದಿಯ ಹ್ಯಾಮರನ್ನು ಹೆಬ್ಬೆರಳಿನಿಂದ ಹಿಂದಕ್ಕೆಳೆಯಬೇಕು. ಕೋವಿಯ ಆ ಭಾಗವನ್ನು ನಮ್ಮ ಹಳಬರು ‘ಕುದುರೆ’ ಎಂದೇ ಕರೆಯುತ್ತಿದ್ದರಲ್ಲವೇ? ಹಾಗಾಗಿ ಇಲ್ಲಿ ಒಬ್ಬ ಸವಾರನಿಗೆ ತೊಡೆಯ ಕೆಳಗೊಂದು, ಹೆಬ್ಬೆರಳಿನ ಕೆಳಗೊಂದು, ಎರಡು ಕುದುರೆಗಳ ಪಾಲನೆ.

ಬಂದೂಕಿನ ಆಟಕ್ಕೆ ಮಗಳನ್ನು ಕರೆದೊಯ್ಯಲು ನಾನು ಅಳುಕಿದ್ದೆ. ಆದರೆ ಆ ತೋಟಾಗಳಲ್ಲಿ ಗುಂಡೇ ಇರುವುದಿಲ್ಲ, ಕಪ್ಪು ಮದ್ದು ಮಾತ್ರ ಇರುತ್ತದೆ. ಉರಿಯುತ್ತ ಹೊರಚಿಮ್ಮುವ ಮದ್ದಿನ ಕಣಗಳು ಸುಮಾರು 15 ಅಡಿಯೊಳಗಿನ ಬಲೂನನ್ನು ಒಡೆದು, ಪ್ರೇಕ್ಷಕರ ಕಡೆಗೆ ಬರುವ ಮೊದಲೇ ಆರಿಹೋಗುತ್ತವೆ. ತೋಟಾ ತುಂಬುವುದೂ ಅಖಾಡದ ಬಾಗಿಲಲ್ಲೇ, ಓಟ ಮುಗಿದೊಡನೆ ಖಾಲಿ ಮಾಡುವುದೂ ಅಲ್ಲೇ.

ಮೊದಲು ಅಲ್ಲಲ್ಲಿ ಚದುರಿರುವ ಒಂದು ಬಣ್ಣದ ಐದು ಬಲೂನುಗಳನ್ನು ಒಡೆಯಬೇಕು. ಆಮೇಲೆ ಬರಿದಾದ ರಿವಾಲ್ವರನ್ನು ಒರೆಗೆ ಸೇರಿಸಿ, ಇನ್ನೊಂದನ್ನು ಹಿರಿದು, ದೂರದ ತುದಿಯ ಪೀಪಾಯಿಯನ್ನು ಸುತ್ತಿ, ಸಾಲಾಗಿ ನಿಂತ ಇನ್ನೊಂದು ಬಣ್ಣದ ಐದನ್ನು ಒಡೆಯುತ್ತ ನಾಗಾಲೋಟದಲ್ಲಿ ಹಿಂದಿರುಗಬೇಕು. ಗಡಿಯಾರ ಓಡುತ್ತಲೇ ಇರುತ್ತದೆ. ತಪ್ಪಿದ ಒಂದೊಂದು ಬಲೂನಿಗೆ 5 ಸೆಕೆಂಡು ದಂಡ, ಕುದುರೆಯಿಂದ ಬಿದ್ದರೆ 60 ಸೆಕೆಂಡು. ಬಿದ್ದ ನೋವಿನ ಜೊತೆಗೆ ಒಂದು ನಿಮಿಷದ ದಂಡ ನನಗಂತೂ ಸ್ವಲ್ಪ ನಿರ್ದಯವೆನಿಸಿತು.

ಆರಂಭದ ಏಳೆಂಟು ಓಟಗಳಲ್ಲಿ ನಾನು ನೋಡಿದ್ದು ಹೊಗೆ ಮತ್ತು ಬಲೂನುಗಳನ್ನು ಮಾತ್ರ. ಆಮೇಲೆ ಕಿವಿ ಹೊಂದಿಕೊಂಡಿತು: ಐದು ಸದ್ದು, ಒಂದು ಬಿಡುವು, ಮತ್ತೆ ಐದು ಸದ್ದು. ಆ ಬಿಡುವಿನಲ್ಲೇ ಆಟ ಕೆಡುತ್ತದೆ ಅಥವಾ ಕೂಡಿಬರುತ್ತದೆ. ಒಂದು ಕೈ ರಿವಾಲ್ವರ್ ಬದಲಿಸುತ್ತಿರುವಾಗ ಲಗಾಮು ಹಿಡಿದ ಇನ್ನೊಂದು ಕೈ ಗಾಬರಿಯಿಂದ ಎಳೆದರೆ ಕುದುರೆ ಗೊಂದಲಗೊಂಡು ತಿರುವಿನಲ್ಲಿ ದೂರ ಸರಿಯುತ್ತದೆ. ಒಳ್ಳೆಯ ಸವಾರರು ಆ ಕ್ಷಣದಲ್ಲಿ ಕುದುರೆಯನ್ನು ಬಹುಪಾಲು ಕಾಲಿನಿಂದಲೇ ತಿರುಗಿಸುತ್ತಾರೆ. ಕುದುರೆಗಳ ಕಿವಿಗೆ ಬೆಣೆ ಇಟ್ಟಿರುತ್ತಾರೆ, ನಿಜ. ಆದರೂ ತಲೆಯ ಪಕ್ಕದಲ್ಲೇ ಸಿಡಿಯುವ ಬೆಂಕಿಗೆ ಬೆಚ್ಚದಂತೆ ಆ ಪ್ರಾಣಿಯನ್ನು ಪಳಗಿಸುವ ತಾಳ್ಮೆಯ ಮುಂದೆ ಗುರಿಕಾರಿಕೆ ನನಗೆ ಸಣ್ಣದಾಗಿ ಕಂಡಿತು.

ಒಬ್ಬ ತರುಣ 14 ಸೆಕೆಂಡುಗಳಲ್ಲಿ ಮುಗಿಸಿದಾಗ ಜನ ಎದ್ದು ನಿಂತು ಕೇಕೆ ಹಾಕಿದರು. ಎರಡು ಬಲೂನುಗಳು ಮಾತ್ರ ಕೋಲಿನ ಮೇಲೆ ಹಾಗೆಯೇ ತೂಗುತ್ತಿದ್ದವು. ಅವನ ಬೆನ್ನಿಗೇ ಬಂದ ನರೆಗೂದಲಿನ ಹೆಂಗಸೊಬ್ಬರು ಅವಸರವೇ ಇಲ್ಲದವರಂತೆ ಹತ್ತನ್ನೂ ಒಡೆದು 19 ಸೆಕೆಂಡುಗಳಲ್ಲಿ ಹಿಂದಿರುಗಿದರು. ತರುಣನ ಲೆಕ್ಕ 24ಕ್ಕೆ ಏರಿತ್ತು. ಆಕೆಯ ಆ ಬಿಡುವು ಎಷ್ಟು ಚಿಕ್ಕದಾಗಿತ್ತೆಂದರೆ, ಎರಡನೆಯ ರಿವಾಲ್ವರ್ ಕೈಗೆ ಬಂದದ್ದು ಯಾವಾಗ ಎಂಬುದೇ ನನಗೆ ಕಾಣಲಿಲ್ಲ.

ಈ ಸಲ ದಸರೆಗೆ ಬರುತ್ತಿದ್ದೇನೆ. ಪಂಜಿನ ಕವಾಯತಿನಲ್ಲಿ ಈಟಿಯನ್ನು ಬಿಟ್ಟು ಸವಾರರ ಮೊಣಕಾಲುಗಳನ್ನೇ ನೋಡಬೇಕೆಂದಿದ್ದೇನೆ. ಬನ್ನಿಮಂಟಪದ ಪಾಸು ಹೊಂದಿಸುವ ಕೆಲಸ ಎಂದಿನಂತೆ ನಿನ್ನದೇ; ಆದಷ್ಟು ಮುಂದಿನ ಸಾಲು ಸಿಗುವಂತೆ ನೋಡು.

ಇಂತಿ ನಿನ್ನ ಗೆಳೆಯ