ವೈವಾ ಮುಗಿಯಿತು, ಈಗ ಋಣದ ಲೆಕ್ಕ

ಮೊನ್ನೆ ನನ್ನ ಪಿಎಚ್‌ಡಿ ವೈವಾ ಮುಗಿಯಿತು. ಥೀಸಿಸ್‌ನ ಮೊದಲ ಪುಟದಲ್ಲಿ ಬರೆಯುವ ಕೃತಜ್ಞತೆಗೆ ಒಂದು ಅಳತೆ, ಒಂದು ಗಾಂಭೀರ್ಯ ಅಂತ ಇರುತ್ತದೆ. ಅಲ್ಲಿ ಹಿಡಿಸದ ಮಾತುಗಳಿಗೆ ಈ ಬರಹ. "ಇಷ್ಟು ವರ್ಷ ಅಲ್ಲಿ ಏನು ಮಾಡ್ತಿದ್ದೆ?" ಎಂದು ಕೇಳುತ್ತಲೇ ಬಂದ ನೆಂಟರಿಗೂ ಉತ್ತರ ಇಲ್ಲೇ ಸಿಗುತ್ತದೆ: ಗಿಡದ ಜೀವಕೋಶ ಪಿಷ್ಟದ ಕಣವನ್ನು ಹೇಗೆ ಕಟ್ಟುತ್ತದೆ, ಕಿಣ್ವಗಳು ಅದನ್ನು ಹೇಗೆ ಒಡೆಯುತ್ತವೆ ಎಂದು ನೋಡುತ್ತಿದ್ದೆ.

ಮೊದಲ ನಮಸ್ಕಾರ ಗೈಡ್ ಮೇಡಂಗೆ. ನಾನು ಸೇರುವಾಗ ಬರೀ ಜೀರ್ಣಕ್ರಿಯೆಯ ಮೇಲೆ ಕೆಲಸ ಮಾಡುವ ಉಮೇದಿನಲ್ಲಿದ್ದೆ. ಪಿಷ್ಟವೆಂದರೆ ಬಾಟಲಿಯಲ್ಲಿ ಬರುವ ಬಿಳಿ ಪುಡಿ. ಪಿಷ್ಟ ಒಡೆಯುವ ಕಿಣ್ವ ಅಮೈಲೇಸ್ ಹಾಕಿ, ಸಕ್ಕರೆ ಎಷ್ಟು ಬಂತೆಂದು ಅಳೆದರಾಯಿತು. ಮೇಡಂ ಕೇಳಿದ್ದು ಒಂದೇ ಮಾತು: "ಹೇಗೆ ಕಟ್ಟಿದಾರೆ ಅಂತ ಗೊತ್ತಿಲ್ದೆ ಕೆಡವೋಕೆ ಹೊರಟ್ರೆ ಹೇಗಮ್ಮ?" ಆಮೇಲೆ ನಾನು ಮಾಡಿದ್ದೆಲ್ಲ ಆ ಪ್ರಶ್ನೆಯ ಬೆನ್ನುಹತ್ತಿಯೇ.

ಪಿಷ್ಟದಲ್ಲಿ ಇರುವುದು ಗ್ಲೂಕೋಸ್ ಒಂದೇ. ಹೆಚ್ಚುಕಮ್ಮಿ ನೇರವಾಗಿ ಪೋಣಿಸಿದರೆ ಅಮೈಲೋಸ್, ಕವಲೊಡೆದರೆ ಅಮೈಲೋಪೆಕ್ಟಿನ್. ಸಾಮಾನ್ಯವಾಗಿ ಕಣದ 70ರಿಂದ 80 ಶೇಕಡಾ ಈ ಎರಡನೆಯದೇ. ಅದರ ಕವಲುಗಳು ಎಲ್ಲೆಂದರಲ್ಲಿ ಇರುವುದಿಲ್ಲ, ಗುಂಪುಗುಂಪಾಗಿ ಇರುತ್ತವೆ. ಹಾಗಿರುವುದರಿಂದಲೇ ಅಕ್ಕಪಕ್ಕದ ಸರಪಳಿಗಳು ಜೋಡಿಜೋಡಿಯಾಗಿ ಹೆಣೆದುಕೊಂಡು ಹರಳುಗಟ್ಟುತ್ತವೆ. ಹರಳಿನ ಪದರ, ಅದರ ಮೇಲೊಂದು ಸಡಿಲ ಪದರ, ಎರಡೂ ಸೇರಿ ಸುಮಾರು 9 ನ್ಯಾನೋಮೀಟರ್; ಕಣದುದ್ದಕ್ಕೂ ಇದೇ ಪುನರಾವರ್ತನೆ.

ಬಹಳ ಕಾಲ ನನ್ನ ತಲೆ ತಿಂದದ್ದು ಐಸೋಅಮೈಲೇಸ್. ಅದು ಕವಲು ಕತ್ತರಿಸುವ ಕಿಣ್ವ. ಮೆಕ್ಕೆಜೋಳದ ಶುಗರಿ-1 ಎಂಬ ಮ್ಯೂಟೆಂಟ್‌ನಲ್ಲಿ, ಅಂದರೆ ಜೀನ್ ಬದಲಾದ ತಳಿಯಲ್ಲಿ, ಅದು ಕೆಟ್ಟಿರುತ್ತದೆ. ಕತ್ತರಿಸುವವರಿಲ್ಲ ಅಂದಮೇಲೆ ಪಿಷ್ಟ ಹೆಚ್ಚಬೇಕು ತಾನೆ? ಇಲ್ಲ. ಪಿಷ್ಟ ಇಳಿದು, ಫೈಟೋಗ್ಲೈಕೋಜನ್ ಎಂಬ, ನೀರಿನಲ್ಲಿ ಕರಗುವ, ಅಡ್ಡಾದಿಡ್ಡಿ ಕವಲುಗಳ ಗ್ಲೂಕೋಸ್ ಸರಪಳಿ ತುಂಬಿಕೊಳ್ಳುತ್ತದೆ. ಬೋರ್ಡಿನ ಮುಂದೆ ನನ್ನನ್ನು ಕೂರಿಸಿ, ಈ ಕಿಣ್ವ ಕತ್ತರಿಸುವ ಹಾಗೆಯೇ ಅಡ್ಡಾದಿಡ್ಡಿ ಕವಲುಗಳನ್ನು ಒಂದೊಂದಾಗಿ ಒರೆಸುತ್ತ, ಉಳಿದ ಸರಪಳಿಗಳು ಆಗ ಮಾತ್ರ ಒತ್ತಾಗಿ ಕೂರಬಲ್ಲವು ಎಂದು ತೋರಿಸಿಕೊಟ್ಟವರು ಲ್ಯಾಬಿನ ಸೀನಿಯರ್ ಅಕ್ಕ. ಅಕ್ಕಾ, ನೀವು ಈಗ ಬೇರೆ ವಿಷಯಕ್ಕೆ ಹೋಗಿದ್ದೀರಿ. ನನ್ನ ಮೂರನೇ ಅಧ್ಯಾಯ ಮಾತ್ರ ಇನ್ನೂ ನಿಮ್ಮದೇ.

ಮೈಕ್ರೋಸ್ಕೋಪ್ ಕೋಣೆಯ ಅಣ್ಣನಿಗೆ ಎಷ್ಟು ಹೇಳಿದರೂ ಸಾಲದು. ಧ್ರುವೀಕೃತ ಬೆಳಕಿನಲ್ಲಿ ಹಸಿ ಪಿಷ್ಟದ ಪ್ರತಿ ಕಣದ ಮೇಲೂ ಒಂದು ಕಪ್ಪು ಶಿಲುಬೆ ಕಾಣುತ್ತದೆ, ಒಳಗಿನ ಜೋಡಣೆ ಕ್ರಮಬದ್ಧವಾಗಿದೆ ಎಂಬುದಕ್ಕೆ ಅದೇ ಸಾಕ್ಷಿ. ನೀರಿನಲ್ಲಿ ಬಿಸಿ ಮಾಡುತ್ತ ಹೋದರೆ 60-70 ಡಿಗ್ರಿಯ ಆಸುಪಾಸಿನಲ್ಲಿ ಕಣ ಉಬ್ಬಿ ಶಿಲುಬೆ ಮಾಯ. ಬೆಂದ ಪಿಷ್ಟ ಬೇಗ ಅರಗುವ ಗುಟ್ಟೂ ಅಲ್ಲೇ ಇದೆ. ಅಣ್ಣ ಹೇಳಿಕೊಟ್ಟದ್ದು ಬಿಸಿ ಮಾಡದೆ ನೋಡುವುದನ್ನು: ಕವರ್‌ಸ್ಲಿಪ್‌ನ ಅಂಚಿಗೆ ಒಂದು ಹನಿ ಅಮೈಲೇಸ್ ಬಿಟ್ಟು ಕಾಯುವುದು. ಮೆಕ್ಕೆಜೋಳದ ಕಣದ ಮೈಮೇಲೆ ಮೊದಲೇ ಸಣ್ಣ ರಂಧ್ರಗಳಿರುತ್ತವೆ. ಕಿಣ್ವ ಅಲ್ಲಿಂದ ಒಳಗೆ ನುಗ್ಗಿ ನಡುವಿನಿಂದ ಹೊರಕ್ಕೆ ಟೊಳ್ಳು ಮಾಡುತ್ತದೆ. ಆಲೂಗಡ್ಡೆಯ ಕಣ ದೊಡ್ಡದು, ನುಣುಪು. ಕಿಣ್ವ ಹೊರಗಿನಿಂದಲೇ ಕೆರೆಯಬೇಕು, ಅದೂ ಆಮೆವೇಗದಲ್ಲಿ. ಗ್ರಾಫಿನಲ್ಲಿ ಎರಡು ಗೆರೆಗಳಾಗಿದ್ದ ವ್ಯತ್ಯಾಸ ನನಗೆ ನಿಜವಾಗಿ ಅರ್ಥವಾದದ್ದು ಆ ಸ್ಲೈಡಿನ ಮೇಲೆ.

ಜೂನಿಯರ್‌ಗಳೇ, ರಾತ್ರಿಯ ಸ್ಯಾಂಪ್ಲಿಂಗ್ ನೆನಪಿದೆಯಾ? ಎಲೆ ಹಗಲು ಕೂಡಿಟ್ಟ ಪಿಷ್ಟವನ್ನು ರಾತ್ರಿ ಖರ್ಚು ಮಾಡುತ್ತದೆ. ಲ್ಯಾಬ್‌ಗಳಲ್ಲಿ ಪ್ರಯೋಗಕ್ಕೆ ಬೆಳೆಸುವ ಪುಟ್ಟ ಅರಬಿಡಾಪ್ಸಿಸ್ ಗಿಡದಲ್ಲಿ ಬೆಳಗಾಗುವ ಹೊತ್ತಿಗೆ ಸುಮಾರು 95 ಶೇಕಡಾ ಮುಗಿದಿರುತ್ತದೆ. ನಾವು ದೀಪವನ್ನು ಹೊತ್ತಿಗೆ ಮುಂಚೆ ಆರಿಸಿ ಮೋಸ ಮಾಡಿದರೂ ಅದು ವೇಗ ತಗ್ಗಿಸಿ, ಇದ್ದದ್ದನ್ನೇ ಬೆಳಗಿನವರೆಗೆ ಎಳೆಯುತ್ತದೆ. ಈ ಲೆಕ್ಕ ಹಿಡಿಯಬೇಕೆಂದರೆ ರಾತ್ರಿಯಿಡೀ ಮಂದ ಹಸಿರು ಬೆಳಕಿನಲ್ಲಿ ಎಲೆ ಕಿತ್ತು ದ್ರವ ಸಾರಜನಕಕ್ಕೆ ಹಾಕುತ್ತಲೇ ಇರಬೇಕು. ನಿಮಗೆ ಮರುದಿನ ಪರೀಕ್ಷೆ ಇದ್ದಾಗಲೂ ನಾನು ಕರೆದಿದ್ದೇನೆ, ನೀವು ಬಂದಿದ್ದೀರಿ. ಆಲ್ಕೋಹಾಲಿನಲ್ಲಿ ಕುದಿಸಿ ಹಸಿರು ಬಿಡಿಸಿದ ಎಲೆಗಳಿಗೆ ಅಯೋಡಿನ್ ಹಾಕಿದಾಗ ಸಂಜೆಯ ಎಲೆ ಕಪ್ಪಾಗಿ, ಮುಂಜಾವಿನ ಎಲೆ ಬಿಳಿಚಿಕೊಂಡೇ ಉಳಿದದ್ದನ್ನು ಕಂಡು ಕೂಗಿದವರೂ ನೀವೇ.

ಕಾಣದವರಿಗೂ ಋಣವಿದೆ. 1833ರಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞರಾದ ಪೇಯನ್ ಮತ್ತು ಪೆರ್ಸೋ ಮೊಳಕೆ ಬಂದ ಬಾರ್ಲಿಯಿಂದ ಪಿಷ್ಟ ಕರಗಿಸುವ ವಸ್ತುವನ್ನು ಬೇರ್ಪಡಿಸಿದರು. ಒಡೆಯುವ ಕಿಣ್ವ ಅಷ್ಟು ಬೇಗ ಕೈಗೆ ಸಿಕ್ಕಿತು; ಕಟ್ಟುವ ದಾರಿ ತಿಳಿಯಲು ನೂರು ವರ್ಷ ದಾಟಿತು. ಫಾಸ್ಫೊರಿಲೇಸ್ ಎಂಬ ಕಿಣ್ವವೇ ಪಿಷ್ಟ ಕಟ್ಟುತ್ತದೆಂದು ಬಹಳ ಕಾಲ ನಂಬಿದ್ದರು. ಎಡಿಪಿ-ಗ್ಲೂಕೋಸ್‌ನಿಂದ (ಎಡಿಪಿ ಎಂಬ ಅಣುವಿಗೆ ಅಂಟಿದ ಗ್ಲೂಕೋಸ್) ಸರಪಳಿ ಬೆಳೆಯುತ್ತದೆಂದು 1960ರ ದಶಕದ ಮೊದಲಲ್ಲಿ ತೋರಿಸಿದ್ದು ಅರ್ಜೆಂಟೀನಾದ ಲೂಯಿಸ್ ಲೆಲ್ವಾರ್ ಅವರ ಲ್ಯಾಬ್. ಅವರಿಗೆ 1970ರಲ್ಲಿ ನೊಬೆಲ್ ಬಂತು. ಇನ್ನು ಮೆಂಡೆಲ್‌ನ ಸುಕ್ಕು ಬಟಾಣಿ! ಅದರಲ್ಲಿ ಕೆಟ್ಟಿದ್ದದ್ದು ಪಿಷ್ಟಕ್ಕೆ ಕವಲು ಹಾಕುವ ಕಿಣ್ವದ ಜೀನ್ ಎಂದು ಗೊತ್ತಾದದ್ದು 1990ರಲ್ಲಿ. ಶಾಲೆಯಲ್ಲಿ ಸುಕ್ಕನ್ನು ಬಾಯಿಪಾಠ ಮಾಡಿಸಿದವರು ಇದನ್ನೂ ಹೇಳಿದ್ದಿದ್ದರೆ ನಾನು ಈ ವಿಷಯಕ್ಕೆ ಇನ್ನೂ ಬೇಗ ಬಂದಿರುತ್ತಿದ್ದೆ.

ವೈವಾದಲ್ಲಿ ಹೊರಗಿನ ಪರೀಕ್ಷಕರು ಬೆವರಿಳಿಸಿದರು, ಅವರಿಗೂ ಥ್ಯಾಂಕ್ಸ್. ಟೆಸ್ಟ್ ಟ್ಯೂಬಿನಲ್ಲಿ ಕಿಣ್ವ ಹಾಕಿದಾಗ 20 ನಿಮಿಷದೊಳಗೆ ಅರಗುವುದು ವೇಗದ ಪಿಷ್ಟ, 120 ನಿಮಿಷದವರೆಗಿನದು ನಿಧಾನದ್ದು, ಮಿಕ್ಕದ್ದು ಅರಗದ್ದು ಎಂಬ ರೂಢಿಯ ವಿಂಗಡಣೆಯನ್ನೇ ನಾನೂ ಬಳಸಿದ್ದೆ. ಅವರು ಕೇಳಿದ್ದು, ಟ್ಯೂಬಿನಲ್ಲಿ ಕೊನೆಯ ಗ್ಲೂಕೋಸ್ ಬಿಡಿಸುವುದು ಶಿಲೀಂಧ್ರದ ಕಿಣ್ವ, ಕರುಳಿನ ಗೋಡೆಯಲ್ಲಿ ಆ ಕೆಲಸಕ್ಕೆ ಬೇರೆಯೇ ಎರಡು ಕಿಣ್ವಗಳಿವೆಯಲ್ಲ, ನಿನ್ನ ನಿಮಿಷಗಳು ಯಾರ ನಿಮಿಷಗಳು ಎಂದು. ಪ್ರಶ್ನೆ ನೂರಕ್ಕೆ ನೂರು ಸರಿ. ಮುಂದಿನ ಕೆಲಸ ಅಲ್ಲಿಂದಲೇ ಶುರು.

ನಡುವೆ ಫೆಲೋಶಿಪ್ ಹಣ ನಿಂತುಹೋದ ತಿಂಗಳುಗಳಲ್ಲಿ ಬಾಡಿಗೆಯ ಮಾತೇ ಎತ್ತದ ರೂಮ್‌ಮೇಟ್, ನಿನ್ನ ಲೆಕ್ಕ ನನ್ನ ಡೈರಿಯಲ್ಲಿದೆ, ತೀರಿಸುತ್ತೇನೆ. ಅಪ್ಪ, ಅಮ್ಮ, ನಿಮ್ಮದನ್ನು ಇಲ್ಲಿ ಬರೆಯಲು ಹೋಗುವುದಿಲ್ಲ.

ನನ್ನ ಬೆಂಚಿಗೆ ಬರುವವರಿಗೆ: ಮ್ಯೂಟೆಂಟ್ ಬೀಜಗಳಿಗೆಲ್ಲ ಲೇಬಲ್ ಹಚ್ಚಿ ಡೆಸಿಕೇಟರ್‌ನಲ್ಲಿ ಇಟ್ಟಿದ್ದೇನೆ, ನೋಟ್‌ಬುಕ್‌ಗಳು ಮೇಡಂ ಕಪಾಟಿನಲ್ಲಿವೆ. ಅಮೈಲೇಸ್ ಬಫರಿಗೆ ಕ್ಯಾಲ್ಸಿಯಂ ಹಾಕುವುದನ್ನು ಮರೆಯಬೇಡಿ. ಏನೇ ಅನುಮಾನ ಬಂದರೂ ಫೋನ್ ಮಾಡಿ.