ಸದನದ ಕೆಲಸದ ಮಾತೂ ಇರಲಿ

ಲೋಕಸಭೆಗೆ ಮೊದಲ ಬಾರಿ ಸ್ಪರ್ಧಿಸುವ ಅಭ್ಯರ್ಥಿಗಳು ಪ್ರಾಮಾಣಿಕತೆ, ಜನಸೇವೆಯಂತಹ ಮೌಲ್ಯಗಳನ್ನು ಮನಮುಟ್ಟುವಂತೆ ವಿವರಿಸಿದರೂ, ಆಯ್ಕೆಯಾದರೆ ಸದನದೊಳಗೆ ಏನು ಮಾಡುತ್ತಾರೆ ಎಂಬುದನ್ನು ಸಾಮಾನ್ಯವಾಗಿ ಹೇಳುವುದಿಲ್ಲ. ಚರಂಡಿ, ಬೀದಿದೀಪಗಳ ಭರವಸೆ ಕೇಳಿಬರುತ್ತದೆ. ಅವು ಮೂಲತಃ ಸ್ಥಳೀಯ ಸಂಸ್ಥೆಗಳ ಹೊಣೆ. ವರ್ಷಕ್ಕೆ 5 ಕೋಟಿ ರೂಪಾಯಿಯ ಸಂಸದರ ನಿಧಿಯಿಂದ ಕೆಲವು ಕಾಮಗಾರಿಗಳು ಆಗಬಹುದು, ನಿಜ. ಆದರೆ ಮಸೂದೆಗಳನ್ನು ಓದಿ ಪ್ರಶ್ನಿಸುವುದು, ಸಚಿವಾಲಯಗಳ ಅನುದಾನ ಬೇಡಿಕೆಗಳನ್ನು ಪರಿಶೀಲಿಸುವ ಸ್ಥಾಯಿ ಸಮಿತಿಗಳಲ್ಲಿ ಶ್ರದ್ಧೆಯಿಂದ ಕೂರುವುದು ಸಂಸದರಲ್ಲದೆ ಬೇರಾರೂ ಮಾಡಲಾಗದ ಕೆಲಸ. ಖಾಸಗಿ ಮಸೂದೆ, ಅಂದರೆ ಸಚಿವರಲ್ಲದ ಸಂಸದರು ತಾವೇ ತರುವ ಮಸೂದೆ ಮಂಡಿಸುವ ಹಕ್ಕು ಹೊಸಬರಿಗೂ ಇದೆ. 1970ರ ನಂತರ ಅಂತಹ ಒಂದೂ ಕಾಯ್ದೆಯಾಗಿಲ್ಲವಾದರೂ, ಸರ್ಕಾರ ಕಡೆಗಣಿಸಿದ ವಿಷಯವನ್ನು ಚರ್ಚೆಗೆ ತರುವ ಶಕ್ತಿ ಅದಕ್ಕಿದೆ. ಆಸ್ತಿ ಮತ್ತು ಕ್ರಿಮಿನಲ್ ಪ್ರಕರಣಗಳನ್ನು ಪ್ರಮಾಣಪತ್ರದಲ್ಲಿ ಘೋಷಿಸುವಂತೆಯೇ, ಸದನದಲ್ಲಿ ಎತ್ತಲಿರುವ ಮೂರು ವಿಷಯಗಳನ್ನೂ ಸೇರಬಯಸುವ ಸಮಿತಿಯನ್ನೂ ಹೊಸ ಅಭ್ಯರ್ಥಿಗಳು ಪ್ರಚಾರದ ಆರಂಭದಲ್ಲೇ ಲಿಖಿತವಾಗಿ ಪ್ರಕಟಿಸಲಿ.